ಮಂಜಿನಲ್ಲಿ ಸಣ್ಣ ದೋಣಿ: ರೇಡಾರ್ ಬೇಕೇ?



ಇಂದಿನ ಮಾತಿನ ವಿಷಯ ಕೇಳಿ ನಿಮ್ಮಲ್ಲಿ ಕೆಲವರಿಗೆ ಆಶ್ಚರ್ಯವಾಗಬಹುದು. ಮಂಜು ಕವಿದಾಗ ಸಣ್ಣ ದೋಣಿಗಳಿಗೆ, ಮುಖ್ಯವಾಗಿ ವಿಹಾರಕ್ಕೆಂದು ನೀರಿಗಿಳಿಯುವ ದೋಣಿಗಳಿಗೆ, ರೇಡಾರ್ ಬೇಕೇ ಎಂಬುದು ವಿಷಯ. ಅಡಿಕೆ ಧಾರಣೆ, ತೆಂಗಿನ ರೋಗ, ಮಕ್ಕಳ ಕನ್ನಡ ಪಾಠಪುಸ್ತಕ ಎಂದು ಕೇಳಿ ಅಭ್ಯಾಸವಾದ ನಿಮಗೆ ಇದು ನಮ್ಮೂರಿಗೆ ಸಂಬಂಧವಿಲ್ಲದ ಮಾತು ಎನಿಸೀತು. ಆದರೆ ಸ್ವಲ್ಪ ಯೋಚಿಸಿ ನೋಡಿ.

ಮಂಜೇಶ್ವರ, ಕುಂಬಳೆ, ಕಾಸರಗೋಡಿನ ಕಡೆಯ ಎಷ್ಟೋ ಮನೆಗಳ ಮಕ್ಕಳು ಇಂದು ಹೊರದೇಶಗಳಲ್ಲಿದ್ದಾರೆ. ಕೆಲವರು ಹಡಗಿನಲ್ಲಿ ಕೆಲಸಕ್ಕಿದ್ದಾರೆ. ಕೆಲವರು ಇಂಗ್ಲೆಂಡ್, ಅಮೆರಿಕದ ಕಡಲೂರುಗಳಲ್ಲಿ ನೌಕರಿಯಲ್ಲಿದ್ದು, ರಜೆಯ ದಿನ ಸ್ನೇಹಿತರ ಹಾಯಿದೋಣಿ ಹತ್ತುತ್ತಾರೆ. ನಮ್ಮ ಹತ್ತಿರವೇ ನೀಲೇಶ್ವರದ ಆಚೆ ವಲಿಯಪರಂಬದ ಹಿನ್ನೀರಿನಲ್ಲಿ ಪ್ರವಾಸಿಗಳ ಹೌಸ್‌ಬೋಟುಗಳು ಓಡುತ್ತಿವೆ. ನೀಲಗಿರಿಯ ಶ್ರೋತೃಗಳು ಊಟಿ ಕೆರೆಯ ಮೇಲೆ ಮಂಜು ಇಳಿಯುವುದನ್ನು ಕಂಡವರು. ವಯನಾಡಿನವರು ಪೂಕೋಡು ಕೆರೆಯಲ್ಲಿ, ಗೋವಾದವರು ಮಾಂಡೋವಿ ನದಿಯಲ್ಲಿ ವಿಹಾರದ ದೋಣಿಗಳನ್ನು ನೋಡಿದವರು. ಇವೆಲ್ಲಕ್ಕಿಂತ ಮುಖ್ಯವಾಗಿ, ನಮ್ಮ ಕರಾವಳಿಯ ಮೀನುಗಾರ ಬಂಧುಗಳು ದಿನ ಬೆಳಗಾದರೆ ಅಳಿವೆ ದಾಟಿ ಕಡಲಿಗೆ ಹೋಗುವವರು. ಹಾಗಾಗಿ ಈ ಪ್ರಶ್ನೆ ನಮ್ಮ ಮನೆಬಾಗಿಲಿಗೂ ಬರುವಂಥದ್ದೇ.

ನಾನು ಇಂಜಿನಿಯರನಲ್ಲ, ನಾವಿಕನೂ ಅಲ್ಲ. ಮೆಟ್ರಿಕ್ ಪಾಸು ಮಾಡಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ಕಡಲತಡಿಯ ಶಾಖೆಯೊಂದರಲ್ಲಿ ಬಹುಕಾಲ ಕೆಲಸ ಮಾಡಿ ನಿವೃತ್ತನಾದವನು. ಬೋಟಿನ ಸಾಲದ ಅರ್ಜಿಯ ಜೊತೆಗೆ ಸಾಮಾನುಗಳ ಕೊಟೇಶನ್ ಬರುತ್ತಿತ್ತು. ಇಂಜಿನಿಗೆ ಇಷ್ಟು, ಬಲೆಗೆ ಇಷ್ಟು, ವೈರ್‌ಲೆಸ್ಸಿಗೆ ಇಷ್ಟು ಎಂದು ಪಟ್ಟಿ. ಅದರಲ್ಲಿ ಯಾವುದು ಇಲ್ಲದಿದ್ದರೆ ಕೆಲಸವೇ ನಡೆಯದು, ಯಾವುದು ಆಮೇಲೆ ಕೊಂಡರೂ ಆದೀತು ಎಂದು ವಿಚಾರಿಸುವುದು ನಮ್ಮ ರೂಢಿ. ಅದೇ ರೂಢಿಯಿಂದ ಈ ರೇಡಾರಿನ ಲೆಕ್ಕವನ್ನೂ ನಿಮ್ಮ ಮುಂದೆ ಬಿಡಿಸುತ್ತೇನೆ. ಪಟ್ಟಿಯಲ್ಲಿ ಅದು ಮೊದಲನೆಯದೋ, ನಡುವಿನದೋ, ಕೊನೆಯದೋ ಎಂಬುದನ್ನು ನೋಡೋಣ.

ಮೊದಲಿಗೆ ಮಂಜಿನ ವಿಚಾರ. ಕನ್ನಡದಲ್ಲಿ ನಾವು ಮಂಜು, ಕಾವಳ ಎನ್ನುತ್ತೇವೆ. ಮಲಯಾಳದಲ್ಲಿ ಮೂಡಲ್‌ಮಞ್ಞ್ ಎನ್ನುತ್ತಾರೆ, ಅಂದರೆ ಮುಚ್ಚಿಬಿಡುವ ಮಂಜು. ಎಷ್ಟು ಸರಿಯಾದ ಮಾತು ನೋಡಿ! ಹವಾಮಾನದವರ ಲೆಕ್ಕದಲ್ಲಿ, ಒಂದು ಕಿಲೋಮೀಟರಿಗಿಂತ ಆಚೆಗೆ ಕಣ್ಣು ಹಾಯದಿದ್ದರೆ ಅದು ಮಂಜು. ತೇವ ತುಂಬಿದ ಬೆಚ್ಚಗಿನ ಗಾಳಿ ತಣ್ಣಗಿನ ನೀರಿನ ಮೇಲೆ ಹಾದುಹೋಗುವಾಗ ಕಡಲ ಮಂಜು ಹುಟ್ಟುತ್ತದೆ. ಕೆನಡಾದ ನ್ಯೂಫೌಂಡ್‌ಲ್ಯಾಂಡ್ ಬಳಿ ಬಿಸಿಯಾದ ಗಲ್ಫ್ ಸ್ಟ್ರೀಮ್ ಪ್ರವಾಹವೂ ತಣ್ಣಗಿನ ಲ್ಯಾಬ್ರಡಾರ್ ಪ್ರವಾಹವೂ ಸಂಧಿಸುತ್ತವೆ. ಆದ್ದರಿಂದ ಆ ಭಾಗ ಮಂಜಿಗೆ ಹೆಸರಾದದ್ದು. ಅಮೆರಿಕದ ಮೇಯ್ನ್ ಕರಾವಳಿ, ಪಶ್ಚಿಮದ ಸ್ಯಾನ್‌ಫ್ರಾನ್ಸಿಸ್ಕೊ, ಯುರೋಪಿನಲ್ಲಿ ಇಂಗ್ಲಿಷ್ ಕಾಲುವೆ, ಇವೆಲ್ಲ ಮಂಜಿನ ಸೀಮೆಗಳೇ.

ನಮ್ಮ ಅರಬ್ಬಿ ಕಡಲಿನ ನೀರು ಬೆಚ್ಚಗಿರುವುದರಿಂದ ಇಲ್ಲಿ ಅಂಥ ದಟ್ಟ ಮಂಜು ಅಪರೂಪ. ಆದರೆ ಜೂನ್, ಜುಲೈ ತಿಂಗಳಲ್ಲಿ ಜಡಿಮಳೆ ಹೊಡೆಯುವಾಗ ಕಡಲಿನಲ್ಲಿ ಎಷ್ಟು ದೂರ ಕಾಣುತ್ತದೆ? ಬೋಟಿನವರನ್ನು ಕೇಳಿ, ಹೇಳುತ್ತಾರೆ. ಕಡಲಿನಲ್ಲಿ ಹಡಗುಗಳು ಡಿಕ್ಕಿಯಾಗದಂತೆ ತಡೆಯುವ ಅಂತರರಾಷ್ಟ್ರೀಯ ನಿಯಮಗಳು 1972ರಲ್ಲಿ ರಚನೆಯಾಗಿ 1977ರಲ್ಲಿ ಜಾರಿಗೆ ಬಂದವು. ಕಾಣಿಸದ ಸ್ಥಿತಿ ಎಂದರೆ ಏನೆಂದು ಹೇಳುವಾಗ ಆ ನಿಯಮಗಳು ಮಂಜು, ಹಿಮ, ಬಿರುಮಳೆ, ಮರಳಿನ ಬಿರುಗಾಳಿ ಎಲ್ಲವನ್ನೂ ಒಂದೇ ಸಾಲಿನಲ್ಲಿ ಇಡುತ್ತವೆ. ಎಂದರೆ ಮೇಯ್ನ್ ಕರಾವಳಿಯ ಮಂಜಿಗೆ ಯಾವ ನಿಯಮವೋ ಮಲಬಾರಿನ ಮಳೆಗೂ ಅದೇ ನಿಯಮ.

ಈಗ ಅಪಾಯ ಎಷ್ಟೆಂದು ಲೆಕ್ಕ ಹಾಕೋಣ. ಕಡಲಿನಲ್ಲಿ ವೇಗವನ್ನು ನಾಟ್ ಎಂದು ಅಳೆಯುತ್ತಾರೆ. ಗಂಟೆಗೆ ಒಂದು ಕಡಲ ಮೈಲಿ, ಅಂದರೆ 1852 ಮೀಟರ್ ಹೋದರೆ ಒಂದು ನಾಟ್. ಒಂದು ದೊಡ್ಡ ಸರಕು ಹಡಗು 20 ನಾಟ್ ವೇಗದಲ್ಲಿ ಬರುತ್ತಿದೆ, ನಿಮ್ಮ ಸಣ್ಣ ದೋಣಿ 6 ನಾಟ್ ವೇಗದಲ್ಲಿ ಅದಕ್ಕೆ ಎದುರಾಗಿ ಹೋಗುತ್ತಿದೆ ಎನ್ನಿ. ಎರಡೂ ಸೇರಿ 26 ನಾಟ್. ಪ್ರತಿ ಸೆಕೆಂಡಿಗೆ ಸುಮಾರು 13 ಮೀಟರಿನಂತೆ ನಡುವಿನ ದೂರ ಕರಗುತ್ತದೆ. ಮಂಜಿನಲ್ಲಿ 200 ಮೀಟರ್ ಮಾತ್ರ ಕಾಣುತ್ತಿದ್ದರೆ, ಹಡಗು ಕಣ್ಣಿಗೆ ಬಿದ್ದ ಮೇಲೆ ನಿಮಗೆ ಉಳಿಯುವುದು 15 ಸೆಕೆಂಡು. ಆ ಹೊತ್ತಿನಲ್ಲಿ ‘ಅಯ್ಯೋ’ ಎನ್ನಬಹುದು, ಚುಕ್ಕಾಣಿ ತಿರುಗಿಸಬಹುದು, ಅಷ್ಟೆ. ಆ ಹಡಗಿನವನು ನಿಮ್ಮನ್ನು ಕಂಡರೂ ತಕ್ಷಣ ನಿಲ್ಲಿಸಲಾರ. ಅಂಥ ಹಡಗು ನಿಲ್ಲಲು ಒಂದು ಮೈಲಿಗೂ ಹೆಚ್ಚು ದೂರ ಬೇಕು.

ಅದೇ ಹಡಗನ್ನು ರೇಡಾರ್ ಮೂರು ಕಡಲ ಮೈಲಿ ದೂರದಲ್ಲಿ ತೋರಿಸಿದರೆ? ಸುಮಾರು ಏಳು ನಿಮಿಷ ಸಮಯ ಸಿಗುತ್ತದೆ. 15 ಸೆಕೆಂಡು ಎಲ್ಲಿ, 7 ನಿಮಿಷ ಎಲ್ಲಿ! ರೇಡಾರಿನ ಪರವಾಗಿ ಇದಕ್ಕಿಂತ ದೊಡ್ಡ ವಾದ ಬೇಕಿಲ್ಲ. ಅದರ ಉಪಯೋಗವನ್ನು ನಾನು ಅಲ್ಲಗಳೆಯುವುದಿಲ್ಲ.

ಈ ಯಂತ್ರ ಕೆಲಸ ಮಾಡುವ ಬಗೆಯನ್ನು ಎರಡು ಮಾತಿನಲ್ಲಿ ಹೇಳುತ್ತೇನೆ. ಗುಡ್ಡದ ಎದುರು ನಿಂತು ಕೂಗಿದರೆ ಧ್ವನಿ ತಿರುಗಿ ಬರುತ್ತದಲ್ಲವೇ? ಎಷ್ಟು ಹೊತ್ತಿಗೆ ಬಂತು ಎಂಬುದರಿಂದ ಗುಡ್ಡ ಎಷ್ಟು ದೂರವಿದೆ ಎಂದು ಅಂದಾಜು ಮಾಡಬಹುದು. ರೇಡಾರ್ ಧ್ವನಿಯ ಬದಲು ರೇಡಿಯೋ ಅಲೆಯನ್ನು ಕಳಿಸುತ್ತದೆ. ಅಲೆ ಹೋಗಿ ಬಡಿದು ತಿರುಗಿ ಬಂದ ಹೊತ್ತನ್ನು ಅಳೆದು, ಬಂದ ದಿಕ್ಕನ್ನು ಗುರುತಿಸಿ, ಪರದೆಯ ಮೇಲೆ ಒಂದು ಚುಕ್ಕೆ ಇಡುತ್ತದೆ. ಜರ್ಮನಿಯ ಕ್ರಿಸ್ಟಿಯಾನ್ ಹ್ಯೂಲ್ಸ್‌ಮೆಯರ್ ಎಂಬವನು 1904ರಲ್ಲೇ ಕಲೋನ್ ಪಟ್ಟಣದಲ್ಲಿ, ರೈನ್ ನದಿಯ ಹಡಗುಗಳನ್ನು ರೇಡಿಯೋ ಅಲೆಯಿಂದ ಗುರುತಿಸಿ ತೋರಿಸಿದ್ದನು. ಮಂಜಿನಲ್ಲಿ ಹಡಗುಗಳು ಡಿಕ್ಕಿಯಾಗಬಾರದು ಎಂಬುದೇ ಅವನ ಉದ್ದೇಶ. ಆದರೆ ಆಗ ಕೊಳ್ಳುವವರು ಮುಂದೆ ಬರಲಿಲ್ಲ. 1935ರಲ್ಲಿ ಇಂಗ್ಲೆಂಡಿನಲ್ಲಿ ರಾಬರ್ಟ್ ವಾಟ್ಸನ್ ವಾಟ್ ವಿಮಾನವನ್ನು ಪತ್ತೆ ಹಚ್ಚುವ ಪ್ರಯೋಗ ನಡೆಸಿದ. ಎರಡನೇ ಮಹಾಯುದ್ಧದಲ್ಲಿ ರೇಡಾರ್ ಬೆಳೆಯಿತು. ಯುದ್ಧ ಮುಗಿದ ಮೇಲೆ ವ್ಯಾಪಾರದ ಹಡಗುಗಳಿಗೂ ಪ್ರಯಾಣಿಕರ ಹಡಗುಗಳಿಗೂ ಬಂತು.

ಬಂದ ಮೇಲೆ ಮಂಜಿನ ಅಪಘಾತಗಳು ನಿಂತವೇ? ಇಲ್ಲ. ಇಲ್ಲಿ ಒಂದು ಪ್ರಸಿದ್ಧ ಘಟನೆ ಹೇಳಬೇಕು. 1956ರ ಜುಲೈ 25ರ ರಾತ್ರಿ, ಅಮೆರಿಕದ ನ್ಯಾಂಟುಕೆಟ್ ದ್ವೀಪದ ದಕ್ಷಿಣದ ಕಡಲು. ಇಟಲಿಯ ಆಂಡ್ರಿಯಾ ಡೋರಿಯಾ ಎಂಬ ಭಾರೀ ಪ್ರಯಾಣಿಕ ಹಡಗು ನ್ಯೂಯಾರ್ಕಿಗೆ ಹೋಗುತ್ತಿತ್ತು. ಸ್ವೀಡನ್ನಿನ ಸ್ಟಾಕ್‌ಹೋಮ್ ಎಂಬ ಹಡಗು ನ್ಯೂಯಾರ್ಕಿನಿಂದ ಬರುತ್ತಿತ್ತು. ಎರಡರಲ್ಲೂ ರೇಡಾರ್ ಇತ್ತು. ಎರಡೂ ಮೈಲಿಗಟ್ಟಲೆ ದೂರವಿರುವಾಗಲೇ ಒಂದನ್ನೊಂದು ಪರದೆಯ ಮೇಲೆ ಕಂಡಿದ್ದವು. ಆಂಡ್ರಿಯಾ ಡೋರಿಯಾ ದಟ್ಟ ಮಂಜಿನಲ್ಲಿದ್ದರೂ ವೇಗವನ್ನು ಇಳಿಸಿದ್ದು ಅಲ್ಪವೇ. 20 ನಾಟ್‌ಗಿಂತ ಮೇಲೆಯೇ ಓಡುತ್ತಿತ್ತು. ಪರದೆಯ ಚುಕ್ಕೆಯನ್ನು ನೋಡಿ ಇವರು ಒಂದು ಬಗೆ ಎಣಿಸಿದರು, ಅವರು ಇನ್ನೊಂದು ಬಗೆ ಎಣಿಸಿದರು. ಇವರು ಎಡಕ್ಕೆ ಸರಿದರು, ಅವರು ಬಲಕ್ಕೆ ಸರಿದರು. ಎದುರುಬದುರಾಗಿ ಬರುವವರಲ್ಲಿ ಒಬ್ಬ ಎಡಕ್ಕೆ, ಒಬ್ಬ ಬಲಕ್ಕೆ ಎಂದರೆ ಇಬ್ಬರೂ ಒಂದೇ ಕಡೆಗೆ ಸರಿದಂತಾಯಿತಲ್ಲ! ದೀಪಗಳು ಕಣ್ಣಿಗೆ ಬಿದ್ದಾಗ ಹೊತ್ತು ಮೀರಿತ್ತು. ಸ್ಟಾಕ್‌ಹೋಮಿನ ಮೂತಿ ಆಂಡ್ರಿಯಾ ಡೋರಿಯಾದ ಪಕ್ಕೆಗೆ ನುಗ್ಗಿತು. ಮರುದಿನ ಬೆಳಗ್ಗೆ ಆ ಹಡಗು ಮುಳುಗಿತು. ಎರಡೂ ಕಡೆ ಸೇರಿ 51 ಜನ ಸತ್ತರು. ಬೇರೆ ಹಡಗುಗಳು ಬೇಗ ಬಂದು ಒದಗಿದ್ದರಿಂದ ಉಳಿದ ಸಾವಿರಾರು ಜನ ಬದುಕಿದರು.

ರೇಡಾರ್ ತೋರಿಸುವ ಚುಕ್ಕೆ ಈಗ ಎಲ್ಲಿದೆ ಎಂಬುದನ್ನು ಹೇಳುತ್ತದೆ. ಅದು ಎತ್ತ ಹೋಗುತ್ತಿದೆ, ನಮ್ಮ ದಾರಿಗೆ ಅಡ್ಡ ಬರುತ್ತದೆಯೇ ಎಂಬುದನ್ನು ನಾವು ಮತ್ತೆ ಮತ್ತೆ ನೋಡಿ, ಗುರುತು ಹಾಕಿ ಕಂಡುಕೊಳ್ಳಬೇಕು. ಇದಕ್ಕೊಂದು ಸರಳ ಸೂತ್ರವಿದೆ, ಬರಿಗಣ್ಣಿಗೂ ಅದೇ ಸೂತ್ರ. ಎದುರಿನ ಹಡಗು ಇರುವ ದಿಕ್ಕು ಬದಲಾಗದೆ ದೂರ ಮಾತ್ರ ಕಡಿಮೆಯಾಗುತ್ತಾ ಬಂದರೆ ಡಿಕ್ಕಿ ಖಂಡಿತ. ಅದು ನಿಮ್ಮ ಹಾಯಿಕಂಬದ ಒಂದೇ ಮಗ್ಗುಲಲ್ಲಿ ಅಂಟಿಕೊಂಡಂತೆ ಕಾಣುತ್ತಾ ದೊಡ್ಡದಾಗುತ್ತಾ ಬಂದರೆ ಅಪಾಯ ಎಂದು ತಿಳಿಯಬೇಕು. ಈಗಿನ ಹೊಸ ರೇಡಾರುಗಳು ಈ ಲೆಕ್ಕವನ್ನು ತಾವೇ ಮಾಡಿ ಕೊಡುತ್ತವೆ. ಆದರೂ ತೋರಿಸಿದ್ದನ್ನು ಅರ್ಥ ಮಾಡಿಕೊಳ್ಳುವ ಮನುಷ್ಯ ಬೇಕೇ ಬೇಕು. ಅಲ್ಪಸ್ವಲ್ಪ ರೇಡಾರ್ ಮಾಹಿತಿಯನ್ನು ನಂಬಿ ಊಹೆ ಮಾಡಬಾರದು ಎಂದು ನಿಯಮವೇ ಎಚ್ಚರಿಸುತ್ತದೆ. ರೇಡಾರಿನಲ್ಲಿ ಮಾತ್ರ ಕಂಡ, ಮುಂದಿನ ಕಡೆಯಲ್ಲಿರುವ ಹಡಗಿನಿಂದ ತಪ್ಪಿಸಿಕೊಳ್ಳಲು ಆದಷ್ಟು ಎಡಕ್ಕೆ ತಿರುಗಬೇಡಿ ಎಂದೂ ಹೇಳುತ್ತದೆ. ನಾವೇ ಹಿಂದೆ ಹಾಕಿ ಹೋಗುತ್ತಿರುವ ಹಡಗಿಗೆ ಮಾತ್ರ ಇದರಿಂದ ವಿನಾಯಿತಿ.

ದೊಡ್ಡ ಹಡಗಿನಲ್ಲಿ ಪರದೆ ನೋಡಲೆಂದೇ ಒಬ್ಬ ಅಧಿಕಾರಿ ಇರುತ್ತಾನೆ. ಸಣ್ಣ ವಿಹಾರದ ದೋಣಿಯಲ್ಲಿ ಇರುವವರೇ ಇಬ್ಬರು ಮೂವರು. ಒಬ್ಬ ಚುಕ್ಕಾಣಿ ಹಿಡಿಯಬೇಕು, ಒಬ್ಬ ಮುಂದೆ ನಿಂತು ಕಣ್ಣು ಕಿವಿ ಕೊಟ್ಟು ಕಾಯಬೇಕು. ಪರದೆ ನೋಡುವವರು ಯಾರು? ಮುಂದೆ ನಿಂತವನು ಒಳಗೆ ಬಂದು ಪರದೆಯ ಮುಂದೆ ಕುಳಿತರೆ, ಹೊರಗಿನ ಕಾವಲು ತಪ್ಪಿತು. ಎಲ್ಲ ಹೊತ್ತಿನಲ್ಲೂ ಕಣ್ಣಿನಿಂದ, ಕಿವಿಯಿಂದ, ಲಭ್ಯವಿರುವ ಎಲ್ಲ ಸಾಧನಗಳಿಂದ ಕಾವಲಿರಬೇಕು ಎಂಬುದು ಆ ನಿಯಮಗಳ ಐದನೆಯದು. ಕಣ್ಣನ್ನೂ ಕಿವಿಯನ್ನೂ ಅಲ್ಲಿ ಮೊದಲು ಹೇಳಿದ್ದಾರೆ.

ಸಣ್ಣ ರೇಡಾರಿಗೆ ಅದರದ್ದೇ ಮಿತಿಗಳೂ ಇವೆ. ದೋಣಿಗೆ ಹೊಂದುವ ರೇಡಾರಿನ ಗುಮ್ಮಟ ಒಂದೂವರೆ ಅಡಿ ಅಗಲದ್ದು ಎಂದುಕೊಳ್ಳಿ. ಅದರ ಕಿರಣ ಐದು ಡಿಗ್ರಿಯಷ್ಟು ಹರಡಿಕೊಳ್ಳುತ್ತದೆ. ಮೂರು ಮೈಲಿ ದೂರದಲ್ಲಿ ಆ ಹರಡು ಸುಮಾರು ಅರ್ಧ ಕಿಲೋಮೀಟರ್ ಆಗುತ್ತದೆ. ಅಷ್ಟರೊಳಗೆ ಅಕ್ಕಪಕ್ಕ ಎರಡು ದೋಣಿಗಳಿದ್ದರೆ ಪರದೆಯಲ್ಲಿ ಒಂದೇ ಚುಕ್ಕೆ. ಕಬ್ಬಿಣದ ಹಡಗಿನಿಂದ ಅಲೆ ಚೆನ್ನಾಗಿ ತಿರುಗಿ ಬರುತ್ತದೆ. ಮರದ ದೋಣಿ, ಫೈಬರ್ ದೋಣಿಯಿಂದ ಬರುವುದು ಅತ್ಯಲ್ಪ. ಕಡಲು ಎದ್ದಿದ್ದರೆ ತೆರೆಗಳೇ ಚುಕ್ಕೆಗಳಾಗಿ ಪರದೆ ತುಂಬಿ, ಅದರೊಳಗೆ ಸಣ್ಣ ದೋಣಿ ಅಡಗಿಹೋಗುತ್ತದೆ. ಇನ್ನು ಬಿರುಮಳೆ. ಸಣ್ಣ ದೋಣಿಯ ರೇಡಾರುಗಳು ಮೂರು ಸೆಂಟಿಮೀಟರ್ ಉದ್ದದ ಅಲೆಯವು. ಈ ಅಲೆಗೆ ಮಳೆಹನಿಗಳು ಅಡ್ಡಿ ಮಾಡುತ್ತವೆ. ತೆಳು ಮಂಜಿನಲ್ಲಿ ಚೆನ್ನಾಗಿ ಕಾಣುವ ರೇಡಾರಿನ ಪರದೆ ನಮ್ಮ ಆಷಾಢದ ಮಳೆಯಲ್ಲಿ ಬೆಳ್ಳಗೆ ಮಸುಕಾಗಬಹುದು. ಗುಂಡಿ ತಿರುಗಿಸಿ ಮಳೆಯ ಮಸುಕನ್ನು ಕಡಿಮೆ ಮಾಡಬಹುದು. ಹೆಚ್ಚು ತಿರುಗಿಸಿದರೆ ಅದರ ಜೊತೆ ಸಣ್ಣ ದೋಣಿಯ ಚುಕ್ಕೆಯೂ ಅಳಿಸಿಹೋಗುತ್ತದೆ.

ಕಾನೂನು ಏನನ್ನುತ್ತದೆ? ಕಡಲಿನ ಸುರಕ್ಷತೆಯ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ 300 ಟನ್ ಮತ್ತು ಅದಕ್ಕೆ ಮೇಲಿನ ಹಡಗುಗಳಿಗೆ ರೇಡಾರ್ ಕಡ್ಡಾಯ. ಸಣ್ಣ ವಿಹಾರದ ದೋಣಿಗೆ ಕಡ್ಡಾಯವಿಲ್ಲ. ಆದರೆ ಇದ್ದು ಕೆಲಸ ಮಾಡುತ್ತಿದ್ದರೆ ಅದನ್ನು ಸರಿಯಾಗಿ ಬಳಸಲೇಬೇಕು ಎಂದು ಡಿಕ್ಕಿ ನಿಯಮಗಳು ಹೇಳುತ್ತವೆ. ಸಣ್ಣ ದೋಣಿಗೆ ಆ ಒಪ್ಪಂದ ಕೇಳುವುದು ಬೇರೊಂದನ್ನು. 150 ಟನ್ನಿಗಿಂತ ಚಿಕ್ಕದಾದ ದೋಣಿ, ಸಾಧ್ಯವಿದ್ದಲ್ಲಿ, ರೇಡಾರ್ ರಿಫ್ಲೆಕ್ಟರ್ ಇಟ್ಟುಕೊಳ್ಳಬೇಕು ಎನ್ನುತ್ತದೆ.

ಇದೇನು ರಿಫ್ಲೆಕ್ಟರ್? ಸೈಕಲ್ಲಿನ ಹಿಂದೆ ಕೆಂಪು ಬಿಲ್ಲೆ ಇರುತ್ತದಲ್ಲ, ಅದರಲ್ಲಿ ಬ್ಯಾಟರಿ ಇಲ್ಲ, ಬಲ್ಬು ಇಲ್ಲ. ಲಾರಿಯ ಬೆಳಕು ಬಿದ್ದರೆ ಅದನ್ನು ಬಂದ ದಾರಿಯಲ್ಲೇ ತಿರುಗಿಸಿ ಕಳಿಸುತ್ತದೆ. ರೇಡಾರ್ ರಿಫ್ಲೆಕ್ಟರೂ ಹಾಗೆಯೇ. ಲೋಹದ ತಗಡುಗಳನ್ನು ಒಂದಕ್ಕೊಂದು ನೇರ ಮೂಲೆಯಾಗಿ ಕೂಡಿಸಿ ಮಾಡಿದ ಸಾಧನ. ದೊಡ್ಡ ಹಡಗಿನ ರೇಡಾರ್ ಅಲೆ ಅದಕ್ಕೆ ಬಡಿದು ಅದೇ ಹಡಗಿಗೆ ಮರಳುತ್ತದೆ, ಅವರ ಪರದೆಯಲ್ಲಿ ನೀವು ಚುಕ್ಕೆಯಾಗುತ್ತೀರಿ. ಅದನ್ನು ನೀರಿನಿಂದ ಸುಮಾರು 4 ಮೀಟರ್ ಎತ್ತರದಲ್ಲಿ, ಸರಿಯಾದ ಭಂಗಿಯಲ್ಲಿ ಕಟ್ಟಬೇಕು. ರೇಡಾರಿಗೆ ಪರದೆಯೂ ಸೇರಿ ಲಕ್ಷ ರೂಪಾಯಿಗೆ ಮೇಲೆ ಬೇಕಾದರೆ, ಇದು ಕೆಲವು ಸಾವಿರದಲ್ಲಿ ಮುಗಿಯುತ್ತದೆ.

ರಿಫ್ಲೆಕ್ಟರ್ ಎಂದು ಏನನ್ನೋ ಕಟ್ಟಿ ನೆಮ್ಮದಿಯಿಂದ ಇರುವಂತೆಯೂ ಇಲ್ಲ. 2006ರ ಆಗಸ್ಟ್ 21ರ ನಡುರಾತ್ರಿ ಕಳೆದ ಮೇಲೆ, ಇಂಗ್ಲೆಂಡಿನ ವೈಟ್ ದ್ವೀಪದ ದಕ್ಷಿಣದಲ್ಲಿ ಊಝೋ ಎಂಬ 25 ಅಡಿಯ ಹಾಯಿದೋಣಿ ಹೋಗುತ್ತಿತ್ತು. ಅದರಲ್ಲಿ ಮೂವರು. ಪ್ರೈಡ್ ಆಫ್ ಬಿಲ್ಬಾವೊ ಎಂಬ ಭಾರೀ ಪ್ರಯಾಣಿಕ ಹಡಗು ಅದೇ ದಾರಿಯಲ್ಲಿ ಬಂತು. ಆಗ ಮಂಜು ಕೂಡ ಇರಲಿಲ್ಲ. ಹಡಗಿನ ರೇಡಾರಿನಲ್ಲಿ ಆ ದೋಣಿಯನ್ನು ಯಾರೂ ಗುರುತಿಸಲಿಲ್ಲ. ದೋಣಿಯ ದೀಪ ಕಣ್ಣಿಗೆ ಬಿದ್ದದ್ದು ತೀರ ಹತ್ತಿರಕ್ಕೆ ಬಂದ ಮೇಲೆ. ಮೂವರೂ ಸತ್ತರು. ಆಮೇಲಿನ ತನಿಖೆಯಲ್ಲಿ, ವಿಹಾರದ ದೋಣಿಗಳು ಬಳಸುವ ಹಲವು ಬಗೆಯ ರಿಫ್ಲೆಕ್ಟರುಗಳು ಸಾಕಷ್ಟು ಕೆಲಸ ಮಾಡುವುದಿಲ್ಲ ಎಂಬುದು ಹೊರಗೆ ಬಂತು. ಆದ್ದರಿಂದ ಕೊಳ್ಳುವಾಗ ಪರೀಕ್ಷೆಯಲ್ಲಿ ಪಾಸಾದ, ಸಾಕಷ್ಟು ದೊಡ್ಡದಾದ ರಿಫ್ಲೆಕ್ಟರನ್ನೇ ಕೊಳ್ಳಬೇಕು. ಕಟ್ಟಿದ ಮೇಲೂ ‘ಅವರಿಗೆ ನಾನು ಕಾಣುತ್ತಿಲ್ಲ’ ಎಂದೇ ತಿಳಿದು ದೋಣಿ ನಡೆಸಬೇಕು.

ನಮ್ಮ ಕಡಲಿನಲ್ಲೂ ಇಂಥ ದುಃಖದ ಘಟನೆ ಆಗಿದೆ. 2021ರ ಏಪ್ರಿಲ್‌ನಲ್ಲಿ ಬೇಪೂರಿನಿಂದ ಹೊರಟ ಮೀನುಗಾರಿಕೆ ಬೋಟಿಗೂ ಒಂದು ದೊಡ್ಡ ಸರಕು ಹಡಗಿಗೂ ಮಂಗಳೂರಿನ ಪಶ್ಚಿಮಕ್ಕೆ ದೂರದ ಕಡಲಿನಲ್ಲಿ ರಾತ್ರಿ ಡಿಕ್ಕಿಯಾಯಿತು. ಬೋಟಿನಲ್ಲಿ 14 ಜನ ಇದ್ದರು. ಜೀವಸಹಿತ ಸಿಕ್ಕಿದವರು ಇಬ್ಬರೇ. ಅಂಥ ದೊಡ್ಡ ಹಡಗಿನಲ್ಲಿ ರೇಡಾರ್ ಇರಲೇಬೇಕೆಂದು ಆಗಲೇ ಹೇಳಿದೆನಲ್ಲ. ಒಂದು ಕಡೆ ರೇಡಾರ್ ಇದ್ದ ಮಾತ್ರಕ್ಕೆ ಇನ್ನೊಂದು ಕಡೆಯವರಿಗೆ ರಕ್ಷಣೆ ಸಿಕ್ಕಿತು ಎಂದಲ್ಲ.

ಈಗ ಪಟ್ಟಿಗೆ ಬರೋಣ. ವಿಹಾರದ ಸಣ್ಣ ದೋಣಿಗೆ ಯಾವುದು ಮೊದಲು?

ಮೊದಲನೆಯದು ಎಲ್ಲರಿಗೂ ಲೈಫ್ ಜಾಕೆಟ್, ಮತ್ತು ದೋಣಿ ಹೊರುವಷ್ಟೇ ಜನ. 2023ರ ಮೇ 7ರಂದು ಮಲಪ್ಪುರಂ ಜಿಲ್ಲೆಯ ತಾನೂರಿನಲ್ಲಿ ಪ್ರವಾಸಿ ದೋಣಿ ಮಗುಚಿ 22 ಜನ ಸತ್ತರು, ಅದರಲ್ಲಿ ಮಕ್ಕಳೂ ಇದ್ದರು. ಅಲ್ಲಿ ಮಂಜಿನ ಮಾತೇ ಇರಲಿಲ್ಲ. ಮಿತಿಮೀರಿ ಜನ ಹತ್ತಿದ್ದರು. ಅಂಥ ದೋಣಿಗೆ ಹತ್ತು ರೇಡಾರ್ ಕಟ್ಟಿ ಏನು ಫಲ?

ಎರಡನೆಯದು ಶಬ್ದ. ಮಂಜಿನಲ್ಲಿ ಯಂತ್ರದ ದೋಣಿ ಚಲಿಸುತ್ತಿದ್ದರೆ ಎರಡು ನಿಮಿಷಕ್ಕೊಮ್ಮೆಯಾದರೂ ನಾಲ್ಕರಿಂದ ಆರು ಸೆಕೆಂಡಿನ ಒಂದು ಉದ್ದ ಹಾರ್ನ್ ಕೊಡಬೇಕು. ಯಂತ್ರ ನಿಲ್ಲಿಸಿ ತೇಲುತ್ತಿದ್ದರೆ ಎರಡು ಉದ್ದ. ಹಾಯಿದೋಣಿಯಾದರೆ, ಬಲೆ ಹಾಕಿ ಮೀನು ಹಿಡಿಯುತ್ತಿರುವ ಬೋಟಾದರೆ, ಒಂದು ಉದ್ದ, ಎರಡು ಗಿಡ್ಡ. 12 ಮೀಟರಿಗಿಂತ ಚಿಕ್ಕ ದೋಣಿಗೆ ಇದೇ ಕ್ರಮ ಕಡ್ಡಾಯವಿಲ್ಲ, ಆದರೆ ಎರಡು ನಿಮಿಷಕ್ಕೊಮ್ಮೆ ಚೆನ್ನಾಗಿ ಕೇಳಿಸುವ ಯಾವುದಾದರೂ ಶಬ್ದ ಮಾಡಲೇಬೇಕು. ಬಾಯಿಂದ ಊದುವ ಹಾರ್ನ್ ಸಾಕು. ನಡುನಡುವೆ ಇಂಜಿನ್ ನಿಲ್ಲಿಸಿ ಕಿವಿಗೊಡಬೇಕು. ಆದರೆ ಶಬ್ದ ಬಂದ ದಿಕ್ಕನ್ನು ನಂಬಬಾರದು. ಮಂಜಿನಲ್ಲಿ ಅದು ಮೋಸ ಮಾಡುತ್ತದೆ.

ಮೂರನೆಯದು ನಿಧಾನ. ಕಾಣುವ ದೂರದೊಳಗೆ ನಿಲ್ಲಿಸಬಲ್ಲಷ್ಟೇ ವೇಗ. ಎದುರಿನಲ್ಲಿ ಹಾರ್ನ್ ಕೇಳಿಸಿದರೆ ವೇಗವನ್ನು ಇನ್ನೂ ಇಳಿಸಬೇಕು, ಬೇಕಿದ್ದರೆ ಪೂರ್ತಿ ನಿಲ್ಲಬೇಕು. ‘ನಾನು ಹಾಯಿದೋಣಿ, ಯಂತ್ರದವನು ನನಗೆ ದಾರಿ ಬಿಡಬೇಕು’ ಎಂಬ ಹಕ್ಕು, ಒಬ್ಬರಿಗೊಬ್ಬರು ಕಾಣದ ಮಂಜಿನಲ್ಲಿ ಇಲ್ಲ.

ನಾಲ್ಕನೆಯದು ಜಾಗ. ಮಂಜು ಕವಿಯುತ್ತಿದೆ ಎಂದು ಕಂಡ ಕೂಡಲೇ ದೊಡ್ಡ ಹಡಗುಗಳ ದಾರಿ ಬಿಟ್ಟು, ಅವು ಬರಲಾರದಷ್ಟು ಆಳ ಕಡಿಮೆಯಿರುವ ಕಡೆಗೆ ಹೋಗಿ ಲಂಗರು ಹಾಕುವುದು. ಜಿ.ಪಿ.ಎಸ್. ಇದಕ್ಕೆ ಸಹಾಯ ಮಾಡುತ್ತದೆ. ಆದರೆ ಅದು ಹೇಳುವುದು ನೀವು ಎಲ್ಲಿದ್ದೀರಿ ಎಂದು ಮಾತ್ರ, ಎದುರಿನವನು ಎಲ್ಲಿದ್ದಾನೆ ಎಂದಲ್ಲ.

ಐದನೆಯದು ರಿಫ್ಲೆಕ್ಟರ್ ಮತ್ತು ವಿ.ಎಚ್.ಎಫ್. ವೈರ್‌ಲೆಸ್. ವೈರ್‌ಲೆಸ್ಸಿನ 16ನೇ ಚಾನೆಲ್ಲನ್ನು ಸದಾ ತೆರೆದಿಡಬೇಕು, ಕಷ್ಟದಲ್ಲಿ ಕರೆಯುವುದು ಅದರಲ್ಲೇ.

ಆರನೆಯದು ಎ.ಐ.ಎಸ್. ಎಂಬ ಸಾಧನ. ಇದು ಹಡಗಿನ ಹೆಸರು, ಸ್ಥಾನ, ವೇಗವನ್ನು ರೇಡಿಯೋ ಮೂಲಕ ಸಾರುತ್ತಿರುತ್ತದೆ. ದೊಡ್ಡ ಹಡಗುಗಳಲ್ಲಿ ಇರುತ್ತದೆ. ಸಣ್ಣ ದೋಣಿಗೂ ರೇಡಾರಿಗಿಂತ ಕಡಿಮೆ ಖರ್ಚಿನಲ್ಲಿ ಸಿಗುತ್ತದೆ, ಕಡಿಮೆ ಕರೆಂಟು ಸಾಕು. ಆದರೆ ಯಾರಲ್ಲಿ ಅದು ಇಲ್ಲವೋ ಅವರು ಇದರಲ್ಲಿ ಕಾಣುವುದಿಲ್ಲ. ಮೊಬೈಲಿನಲ್ಲಿ ಇಂಟರ್ನೆಟ್ ಮೂಲಕ ಹಡಗುಗಳನ್ನು ತೋರಿಸುವ ಆಪ್‌ಗಳೂ ಇವೆ. ಅವು ಮನೆಯಲ್ಲಿ ಕುಳಿತು ನೋಡಲು ಚೆನ್ನ. ತಡವಾಗಿ ತೋರಿಸುವುದರಿಂದಲೂ, ಕಡಲಿನಲ್ಲಿ ನೆಟ್‌ವರ್ಕ್ ಹೋಗುವುದರಿಂದಲೂ ಅವುಗಳನ್ನು ನಂಬಿ ದೋಣಿ ನಡೆಸುವಂತಿಲ್ಲ.

ಇಷ್ಟೆಲ್ಲ ಆದ ಮೇಲೆ, ಏಳನೆಯದಾಗಿ ರೇಡಾರ್.

ಹಾಗಾದರೆ ಯಾರಿಗೆ ಬೇಕು, ಯಾರಿಗೆ ಬೇಡ? ನನ್ನ ತೀರ್ಮಾನ ಇದು. ಕೆರೆಯಲ್ಲಿ, ಹಿನ್ನೀರಿನಲ್ಲಿ, ನದಿಯಲ್ಲಿ ಹಗಲು ಹೊತ್ತು ಓಡುವ ವಿಹಾರದ ದೋಣಿಗೆ ರೇಡಾರ್ ಬೇಡ. ಮಂಜು ಬಂದರೆ ದೋಣಿಯನ್ನು ಕಟ್ಟೆಗೆ ಕಟ್ಟಬೇಕು, ಟಿಕೇಟಿನ ದುಡ್ಡು ಹಿಂದಕ್ಕೆ ಕೊಡಬೇಕು. ಕಡಲಿನಲ್ಲಾದರೂ ದಡದ ಹತ್ತಿರ ಒಳ್ಳೆಯ ಹವೆಯಲ್ಲಿ ಮಾತ್ರ ಹೋಗಿ ಸಂಜೆಗೆ ಮರಳುವವರಿಗೂ ಬೇಡ. ಆದರೆ ಮೇಯ್ನ್‌ನಂಥ ಮಂಜಿನ ಸೀಮೆಯಲ್ಲಿ ಬೇಸಿಗೆಯುದ್ದಕ್ಕೂ ಓಡಾಡುವವರು, ಇಂಗ್ಲಿಷ್ ಕಾಲುವೆಯಂತೆ ಹಡಗುಗಳು ಸಾಲುಸಾಲಾಗಿ ಹೋಗುವ ದಾರಿಯನ್ನು ಅಡ್ಡ ದಾಟುವವರು, ರಾತ್ರಿಯಿಡೀ ಕಡಲಿನಲ್ಲಿರುವವರು ರೇಡಾರ್ ಕೊಳ್ಳುವುದು ಒಳ್ಳೆಯದೇ. ಕೊಂಡವರು ಅದನ್ನು ಬಿಸಿಲಿರುವ, ಎಲ್ಲವೂ ಕಾಣುವ ದಿನಗಳಲ್ಲಿ ಹಾಕಿ ಅಭ್ಯಾಸ ಮಾಡಬೇಕು. ಪರದೆಯ ಚುಕ್ಕೆಯನ್ನೂ ಕಣ್ಣಿಗೆ ಕಾಣುವ ದೋಣಿಯನ್ನೂ ತಾಳೆ ನೋಡಬೇಕು. ನಾವು ಲೆಡ್ಜರನ್ನು ದಿನದ ಕೊನೆಗೆ ನಗದಿನ ಜೊತೆ ತಾಳೆ ನೋಡುತ್ತಿದ್ದಂತೆ. ಮಂಜು ಬಂದ ದಿನ ಮೊದಲ ಬಾರಿ ಗುಂಡಿ ಒತ್ತಿದರೆ ಪ್ರಯೋಜನವಿಲ್ಲ.

ಇನ್ನೊಂದು ಮಾತು. ವಿಹಾರದ ದೋಣಿಯವನಿಗೆ ದೊಡ್ಡ ಅನುಕೂಲವೊಂದಿದೆ. ಅವನು ಇಂದು ಹೋಗದಿದ್ದರೆ ಯಾರ ಮನೆಯ ಒಲೆಯೂ ಆರುವುದಿಲ್ಲ. ಮಂಜು ಕರಗುವವರೆಗೆ ಚಹಾ ಕುಡಿಯುತ್ತ ಕೂರಬಹುದು. ರೇಡಾರ್ ಇದೆ ಎಂಬ ಧೈರ್ಯದಿಂದ, ಹೋಗಬಾರದ ದಿನ ಹೋಗುವಂತಾದರೆ ಅಷ್ಟು ಹಣ ಕೊಟ್ಟು ಅಪಾಯವನ್ನೇ ಕೊಂಡಂತಾಯಿತು.

ನಮ್ಮ ಮೀನುಗಾರನಿಗೆ ಆ ಅನುಕೂಲವಿಲ್ಲ. ಡೀಸೆಲ್, ಐಸ್ ತುಂಬಿಸಿ, ಸಾಲ ಮಾಡಿ ಹೊರಟವನು ಮಳೆ ಬಂತೆಂದು ಬರಿಗೈಯಲ್ಲಿ ತಿರುಗಲಾರ. ಹಡಗುಗಳ ದಾರಿಯಲ್ಲೇ ಅವನು ದಿನಗಟ್ಟಲೆ ಇರಬೇಕು. ವಿಹಾರದ ದೋಣಿಗೆ ರೇಡಾರ್ ಬೇಕೇ ಎಂದು ಕೇಳುವಾಗ, ನಿಜವಾಗಿ ಅದು ಹೆಚ್ಚು ಬೇಕಾದವನು ಯಾರು ಎಂಬುದೂ ನಮಗೆ ನೆನಪಿರಬೇಕು. ದೂರ ಕಡಲಿಗೆ ಹೋಗುವ ಬೋಟಿನ ಮಾಲಕರು ಮುಂದಿನ ಸಾಲದ ಅರ್ಜಿ ಬರೆಯುವಾಗ, ಇಂಜಿನಿನ ಅಶ್ವಶಕ್ತಿ ಹೆಚ್ಚಿಸುವ ಮೊದಲು ಒಳ್ಳೆಯ ರಿಫ್ಲೆಕ್ಟರ್, ಎ.ಐ.ಎಸ್., ಎಲ್ಲರಿಗೂ ಜಾಕೆಟ್ ಪಟ್ಟಿಯಲ್ಲಿವೆಯೇ ಎಂದು ನೋಡಲಿ. ಕೈಗೂಡಿದರೆ ರೇಡಾರೂ ಇರಲಿ. ರಾತ್ರಿ ಎಲ್ಲರೂ ಮಲಗದೆ, ಒಬ್ಬನನ್ನಾದರೂ ಕಾವಲಿಗೆ ಇಡಲಿ. ತಾಂಡೇಲನಾಗಲಿ, ಮಲಯಾಳದವರು ಹೇಳುವ ಸ್ರಾಂಕ್ ಆಗಲಿ, ಇದಕ್ಕೆ ಒಪ್ಪದಿದ್ದರೆ ಮನೆಯವರು ಕೇಳಲಿ. ಹೊರಡುವ ದಿನ ‘ಈ ಸಲ ರಾತ್ರಿ ಕಾವಲು ಯಾರದು?’ ಎಂದು ಅಮ್ಮನೋ ಹೆಂಡತಿಯೋ ಕೇಳಿದರೆ ಅದಕ್ಕೆ ಖರ್ಚೇನೂ ಇಲ್ಲ.

ಹೊರದೇಶದಲ್ಲಿರುವ ಮಕ್ಕಳಿಗೆ ಫೋನು ಮಾಡುವಾಗಲೂ ಹಾಗೆಯೇ. ‘ದೋಣಿಯಲ್ಲಿ ಹೋಗುತ್ತೇನೆ’ ಎಂದರೆ, ರೇಡಾರ್ ಇದೆಯೇ ಎಂದು ಆಮೇಲೆ ಕೇಳಿ. ಜಾಕೆಟ್ ಹಾಕಿದ್ದೀಯಾ, ಹಾರ್ನ್ ಇದೆಯೇ, ಮಂಜು ಬಂದರೆ ಎಲ್ಲಿ ನಿಲ್ಲುತ್ತೀರಿ ಎಂದು ಮೊದಲು ಕೇಳಿ.